ವೈರಿಯ ಸೀಮೆಸುಣ್ಣ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವನು ಅವಳ ಅಪ್ಪ. ಲಿಫ್ಟ್ ರಿಪೇರಿಯ ಮನುಷ್ಯ. ಇಡೀ ದಿನ ಕತ್ತಲ ಗೂಡುಗಳಲ್ಲಿ ಹಗ್ಗ, ಗಾಲಿ, ಗ್ರೀಸು ಎಂದು ತೂಗಾಡಿ ಬಂದು, ಸಂಜೆ ಒಂದು ಲೋಟ ಚಹಾ ಹಿಡಿದು ಕೂತರೆ ಸಾಕು, ಪುಟ್ಟ ಮಗಳು ಎದುರಿಗೆ ಹಾಜರು. "ಎರಡು ಮಹಡಿಯವರು ಒಟ್ಟಿಗೇ ಗುಂಡಿ ಒತ್ತಿದ್ರೆ ಲಿಫ್ಟು ಯಾರ ಮಾತು ಕೇಳುತ್ತೆ?" ಅವನು ಹೇಳುವನು. "ಹಾಗಾದ್ರೆ ಮೂರನೇ ಮಹಡಿಯವರು?" ಅದನ್ನೂ ಹೇಳುವನು. "ಮೇಲಿನವರು ಒತ್ತುತ್ತಾನೇ ಇದ್ರೆ ಕೆಳಗೆ ಕಾಯೋರ ಗತಿ?" ಅಷ್ಟು ಹೊತ್ತಿಗೆ ಚಹಾ ಆರಿ ತಣ್ಣಗಾಗಿರುತ್ತಿತ್ತು. "ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು, ಮೊಂಡಿ!" ಎಂದು ಅವನು ನಗುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಅಂಟಿಕೊಂಡು ಉಳಿಯಿತು.

ನಿಜ ಹೇಳಬೇಕೆಂದರೆ, ಆ ಹೆಸರಿಗೆ ಅವಳು ಬಹಳ ಕಾಲ ನ್ಯಾಯ ಒದಗಿಸಲಿಲ್ಲ. ಶಾಲೆಯೊಂದರಲ್ಲಿ ಲೆಕ್ಕದ ಟೀಚರಾದಳು. ಮೂರನೆಯ ಮಹಡಿಯ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವಳು. ಅಮ್ಮ ಮುಂದಿನ ಕೋಣೆಯಲ್ಲಿ ಪರದೆ ಹೊಲಿಯುವವಳು. ಅಣ್ಣ ಕೊರಿಯರ್ ಆಫೀಸಿನ ಮ್ಯಾನೇಜರು. ಅತ್ತಿಗೆ ನರ್ಸು, ಈ ವಾರ ಹಗಲು ಪಾಳಿಯಾದರೆ ಮುಂದಿನ ವಾರ ರಾತ್ರಿ. ಯಾರೂ ಬರೆದಿಡದ, ಯಾರೂ ಮೀರದ ಒಂದು ಕ್ರಮ ಆ ಮನೆಗಿತ್ತು. ಮೊದಲು ಅಮ್ಮನ ಮೊಣಕಾಲು, ಆಮೇಲೆ ಅಣ್ಣನ ಆಫೀಸು, ಆಮೇಲೆ ಅತ್ತಿಗೆಯ ಪಾಳಿ, ಎಲ್ಲ ಮುಗಿದು ಏನಾದರೂ ಹೊತ್ತು ಉಳಿದರೆ ಮೊಂಡಿಯ ಓದು. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಆಗಲಿ."

ಮನೆಯವರು ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರ ಕಾಟಕ್ಕೆ ಮದ್ದಿಲ್ಲ. ಅತ್ತಿಗೆಯ ರಾತ್ರಿ ಪಾಳಿ ಮುಗಿಯಲಿ, ಅಣ್ಣನಿಗೆ ಬಡ್ತಿಯಾಗಲಿ, ಅಮ್ಮನ ನೋವು ಕಡಿಮೆಯಾಗಲಿ, ಆಮೇಲೆ ಮುಂದಕ್ಕೆ ಓದುತ್ತೇನೆ ಎಂದು ಕಾಯುತ್ತ ಕಾಯುತ್ತ ಮೊಂಡಿಯ ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು. ನಲವತ್ತರ ಹೊಸ್ತಿಲಲ್ಲಿ ಅವಳು ಯಾರಿಗೂ ಹೇಳದೆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು, ಪಾಸಾಗಿ, ಶಾಲೆ ಬಿಟ್ಟಳು. ಮನೆಯಲ್ಲಿ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಕಂಪ್ಯೂಟರ್ ಓದ್ತಾಳೆ," ಎಂದು ಅಣ್ಣ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದ. ಮರುದಿನವೇ ಮೇಲಿನ ಮನೆಯಾತ ಕೆಟ್ಟ ಪ್ರಿಂಟರ್ ಹೊತ್ತು ತಂದ.

"ನಾನು ಓದೋದು ಕಂಪ್ಯೂಟರಿಂದ ಏನೇನು ಮಾಡೋಕಾಗಲ್ಲ ಅನ್ನೋದನ್ನ," ಎಂದಳು ಮೊಂಡಿ.

"ಅದು ನಮಗೂ ಗೊತ್ತಲ್ಲ. ಪ್ರಿಂಟ್ ಮಾಡೋಕಾಗಲ್ಲ."

ಅವಳು ಓದಿದ್ದು ಕಂಪ್ಯೂಟಬಿಲಿಟಿ ಥಿಯರಿ. ಯಾವ ಪ್ರಶ್ನೆಗೆ ಯಂತ್ರ ಉತ್ತರ ಕಂಡುಹಿಡಿಯಬಲ್ಲದು, ಯಾವುದಕ್ಕೆ ಎಂದೆಂದಿಗೂ ಆಗದು ಎಂದು ವಿಚಾರ ಮಾಡುವ ಗಣಿತ. ಅದರ ಮೊದಲ ಪಾಠವೇ ಒಂದು ಗುದ್ದು. ನಿಮ್ಮ ಮುಂದೆ ಒಂದು ಯಂತ್ರ ತಿರುಗುತ್ತಿದೆ. ಅದು ಎಂದಾದರೊಂದು ದಿನ ನಿಲ್ಲುತ್ತದೆಯೋ, ತಿರುಗುತ್ತಲೇ ಇರುತ್ತದೆಯೋ? ಎಲ್ಲ ಯಂತ್ರಗಳಿಗೂ ಒಪ್ಪುವ ಹಾಗೆ ಇದನ್ನು ಮೊದಲೇ ಹೇಳುವ ವಿಧಾನ ಇಲ್ಲ. ಇನ್ನೂ ಸಿಕ್ಕಿಲ್ಲ ಎಂದಲ್ಲ, ಇರಲು ಸಾಧ್ಯವೇ ಇಲ್ಲ ಎಂದು ಸಾಧಿಸಿ ತೋರಿಸಬಹುದು. ಆ ಸಾಧನೆಯನ್ನು, ಅಂದರೆ ಪ್ರೂಫನ್ನು, ಮೊದಲ ಸಲ ಕರಿಹಲಗೆಯ ಮೇಲೆ ಕಂಡ ದಿನ ಮೊಂಡಿ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದಳು. ಜೀವಮಾನವಿಡೀ 'ಆಗಲಿ' ಎಂದವಳಿಗೆ, 'ಆಗದು' ಎಂದು ಎದೆ ತಟ್ಟಿ ಹೇಳುವ ಶಾಸ್ತ್ರ ಸಿಕ್ಕಿತ್ತು. ಅವಳಿಗೆ ಅದರ ಮೇಲೆ ಪ್ರೀತಿ ಹುಟ್ಟಿತು, ಬೇರೆ ಪದ ಬೇಡ.

ಅದನ್ನು ಕಲಿಸುತ್ತಿದ್ದವರು ಒಬ್ಬ ವಯಸ್ಸಾದ ಪ್ರೊಫೆಸರು. ವಿದ್ಯಾರ್ಥಿಗಳು ಹಿಂದಿನಿಂದ ಅವರನ್ನು ಅಜ್ಜಿ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ಓಣಿಯಂಥ ಕಾರಿಡಾರಿನ ಕೊನೆಯಲ್ಲಿ, ಚಿಲಕ ಕೆಟ್ಟ ಕಿಟಕಿಯ ಒಂದು ಕೋಣೆ ಅವರದು. ಅಲ್ಲಿ ಪ್ರತಿ ಗುರುವಾರ ಒಡೆಯುವ ಆಟ ನಡೆಯುತ್ತಿತ್ತು. ಒಬ್ಬರು ಬಿಳಿ ಸೀಮೆಸುಣ್ಣ ಹಿಡಿದು ತಾವು ಕಟ್ಟಿದ ಸಾಧನೆಯನ್ನು ಹಲಗೆಯ ಮೇಲೆ ಬರೆಯಬೇಕು. ಇನ್ನೊಬ್ಬರಿಗೆ ಕೆಂಪು ಸೀಮೆಸುಣ್ಣ, ಅವರು ಆ ದಿನದ ವೈರಿ. ವೈರಿಯಾದವರು 'ತಪ್ಪು' ಎನ್ನುವ ಹಾಗಿಲ್ಲ. ತಪ್ಪಿದ್ದರೆ ಅದನ್ನು ಹಾಳುಮಾಡುವ ಯಂತ್ರವನ್ನು ತಾವೇ ಕಟ್ಟಿ ತೋರಿಸಬೇಕು. ಒಡೆದರೆ, ಕಟ್ಟಿದವರು ಹಲಗೆಯನ್ನು ಸ್ವಂತ ಅಂಗೈಯಿಂದ ಒರೆಸಬೇಕು, ವೈರಿ ಎಲ್ಲರಿಗೂ ಚಹಾ ಕೊಡಿಸಬೇಕು. ಒಡೆಯಲಾಗದಿದ್ದರೆ ಒರೆಸುವುದು ವೈರಿಯ ಪಾಲು. ಡಸ್ಟರು ಆ ಕೋಣೆಯಲ್ಲಿ ಇರಲೇ ಇಲ್ಲ. ಮನೆಗೆ ಬಂದು ಮೊಂಡಿ ಅಮ್ಮನಿಗೆ ಆ ದಿನ ಯಾರು ಯಾರದನ್ನು ಒಡೆದರೆಂದು ಹೇಳುವಳು.

ಮೊಂಡಿ ಕಟ್ಟುತ್ತಿದ್ದುದು ಏನೆಂದು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯದು. ಕೊನೆಯಿಲ್ಲದ ಒಂದು ಸಾಲು ಬೇಡಿಕೆಗಳಿವೆ ಎಂದುಕೊಳ್ಳಿ. ಒಂದೇ ಒಂದು ವಸ್ತು, ಅಂದರೆ ಸಂಖ್ಯೆಗಳ ಒಂದು ಗುಂಪು, ಅವೆಲ್ಲವನ್ನೂ ಪೂರೈಸಬೇಕು. ಸಾಲಿನಲ್ಲಿ ಮೇಲಿರುವ ಬೇಡಿಕೆಗೆ ಅಧಿಕಾರ ಹೆಚ್ಚು. ಅದು ಎದ್ದು ಏನಾದರೂ ಕೇಳಿತೆಂದರೆ, ಕೆಳಗಿನ ಬೇಡಿಕೆ ಅದುವರೆಗೆ ಕಟ್ಟಿಕೊಂಡದ್ದೆಲ್ಲ ನೆಲಸಮ. ಈ ವಿದ್ಯೆಯವರು ಅದನ್ನು 'ಗಾಯ' ಎನ್ನುತ್ತಾರೆ. ಮೇಲಿನವು ಗಾಯ ಮಾಡುತ್ತಿದ್ದರೂ ಕೆಳಗಿನವಕ್ಕೂ ಕೊನೆಗೆ ನ್ಯಾಯ ಸಿಗುವಂತೆ ಕಟ್ಟುವುದೇ ಕಸುಬು. ಹೀಗೆ ಕಟ್ಟಿದ ಒಂದು ಹೊಸ ವಸ್ತು ಮೊಂಡಿಯ ಪ್ರಬಂಧದ ಬೆನ್ನೆಲುಬು. ಪರೀಕ್ಷಕರ ಮುಂದೆ ಅದನ್ನು ಸಾಧಿಸಿ ತೋರಿಸಿದರೆ ಮಾತ್ರ ಪಿಎಚ್‌ಡಿಗೆ ಮುಂದುವರಿಯಬಹುದು. ಒಮ್ಮೆ ಆಗಲೇ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಮನೆಗೆ.

ಪರೀಕ್ಷೆ ಬರುವ ಬುಧವಾರ. ಅದರ ಹಿಂದಿನ ಗುರುವಾರ ಬಿಳಿ ಸೀಮೆಸುಣ್ಣ ಅವಳ ಕೈಯಲ್ಲಿತ್ತು. ವೈರಿಯಾಗಿದ್ದವನು ಎಲ್ಲರೂ ಗಡ್ಡ ಎಂದು ಕರೆಯುವ ಸಹಪಾಠಿ. ಮಾತು ಕಡಿಮೆ, ಗಡ್ಡವೇ ಹೆಚ್ಚು. ಅವಳು ಹಲಗೆ ತುಂಬ ಬರೆದಳು. ಗಡ್ಡ ಒಂದೇ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದ. ಆ ಸಾಲು ಹೀಗಿತ್ತು: 'ಮೇಲಿನ ಬೇಡಿಕೆಗಳು ಕೊನೆಯ ಸಲ ಎದ್ದು ಮಲಗಿದ ಮೇಲೆ, ಕೆಳಗಿನದು ತನ್ನ ಕೆಲಸ ಶುರು ಮಾಡಲಿ.'

ಪಕ್ಕದಲ್ಲಿ, ಮೇಲಿನ ಬೇಡಿಕೆಯ ಜಾಗಕ್ಕೆ, ಅವನು ತನ್ನದೊಂದು ಯಂತ್ರ ಬರೆದ. ಸುಮ್ಮನೆ ಬಿದ್ದಿರುವ ಸೋಮಾರಿ ಯಂತ್ರ.

"ಇದು ಮಲಗಿದ್ಯಾ ಅಕ್ಕ?"

"ಮಲಗಿದೆ."

"ಕೊನೇ ಸಲಾನಾ?"

ಮೊಂಡಿ ತಿರುಗಿ ತನ್ನ ಸಾಲನ್ನು ಇನ್ನೊಮ್ಮೆ ಓದಿದಳು.

"ಕೊನೇ ಸಲವೋ ಅಲ್ವೋ ಅಂತ ತಿಳಿಯೋ ವಿಧಾನ ಇಲ್ಲ ಅನ್ನೋದೇ ನಮ್ಮ ಮೊದಲನೇ ಪಾಠ," ಎಂದ ಗಡ್ಡ, ತಾನೇ ಸಂಕಟಪಡುತ್ತ. "ನೀವು ಕಾಯ್ತಾನೇ ಇರ್ತೀರಿ. ಕೆಳಗಿನದು ಯಾವತ್ತೂ ಶುರುವಾಗಲ್ಲ."

ಅಜ್ಜಿ ಕುರ್ಚಿಯಿಂದಲೇ ಕೇಳಿದರು. "ಈ ಸಾಲು ಬರೆದೋರು ಯಾರು? ಕಟ್ಟೋಳಾ, ಕಥೆ ಹೇಳೋಳಾ?"

ಆ ಪ್ರಶ್ನೆಯ ಅರ್ಥ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲ ಮುಗಿದ ಮೇಲೆ ಕಥೆ ಹೇಳುವವಳು 'ಅದೇ ಕೊನೆಯ ಗಾಯ' ಎಂದು ಧಾರಾಳವಾಗಿ ಹೇಳಬಹುದು. ಕಥೆಯ ಒಳಗೆ ನಿಂತು ಕಟ್ಟುವವಳಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಅದು, ಮಾಡಬಾರದ ತಪ್ಪೂ ಅದೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೊಂಡಿ ಅಂಗೈಯಿಂದ ಹಲಗೆ ಒರೆಸಿದಳು. ಗಡ್ಡ ಕೊಡಿಸಿದ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಸುದ್ದಿಗೆ ಕಾಲಿರುತ್ತದೆ. ಸಂಜೆಯೊಳಗೆ ವಿಭಾಗದ ಮುಖ್ಯಸ್ಥರು ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿದರು. ಇಸ್ತ್ರಿ ಮಾಡಿದ ಮನುಷ್ಯ, ಮಾತೂ ಇಸ್ತ್ರಿ ಮಾಡಿದ್ದೇ. ಜನ ನಾಳೆ ಏನು ಕೊಳ್ಳುತ್ತಾರೆಂದು ಊಹಿಸುವ ಯಂತ್ರಗಳು ಅವರ ವಿಷಯ.

"ಬುಧವಾರಕ್ಕೆ ತಯಾರಿಲ್ಲ ಅಂತ ಕೇಳ್ದೆ. ಮುಂದೂಡೋಣ್ವಾ? ಮುಂದಿನ ವರ್ಷ ನೋಡಿದ್ರಾಯ್ತು. ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ. ಇಲ್ಲಾಂದ್ರೆ, ಇಷ್ಟು ಓದಿದ್ದಕ್ಕೇ ಒಂದು ಎಂಫಿಲ್ ತಗೊಂಡು ಗೌರವವಾಗಿ... ನಿಮ್ಮ ವಯಸ್ಸಿಗೆ, ಮನೆ ಜವಾಬ್ದಾರಿಗೆ..."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು. ಅವರು ಹೇಳದೆ ಬಿಟ್ಟದ್ದನ್ನು ಮೊಂಡಿ ತಾನೇ ಸೇರಿಸಿಕೊಂಡಳು. ಈ ವರ್ಷದ ಕೊನೆಗೆ ಅಜ್ಜಿ ನಿವೃತ್ತಿ. ಆಮೇಲೆ ಈ ವಿಷಯಕ್ಕೆ ಇಲ್ಲಿ ಮಾರ್ಗದರ್ಶಕರೇ ಇಲ್ಲ. ಮುಂದಿನ ವರ್ಷ ಎಂದರೆ ಎಂದೂ ಇಲ್ಲ ಎಂದೇ ಲೆಕ್ಕ. ಆದರೂ ಅವಳು "ಯೋಚಿಸ್ತೀನಿ ಸಾರ್" ಎಂದು ಬಸ್ಸು ಹತ್ತಿದಳು.

ಮನೆಯಲ್ಲಿ ಇನ್ನೊಂದು ಕಾದಿತ್ತು. "ಅಮ್ಮನ ಮೊಣಕಾಲಿಗೆ ಆಪರೇಷನ್ ಡೇಟ್ ಸಿಕ್ತು, ಬುಧವಾರ," ಎಂದ ಅಣ್ಣ, ಲಾಟರಿ ಹೊಡೆದವನಂತೆ. "ನನಗೆ ಅವತ್ತು ಆಫೀಸಲ್ಲಿ ಇನ್ಸ್‌ಪೆಕ್ಷನ್. ನಿಮ್ಮತ್ತಿಗೆಗೆ ಅವಳ ಆಸ್ಪತ್ರೆಯಲ್ಲಿ ಹಗಲು ಪಾಳಿ. ನೀನು ಹೇಗೂ ಓದ್ಕೊಂಡು ಇರೋಳು. ಪರೀಕ್ಷೆ ಒಂಚೂರು ಮುಂದಕ್ಕೆ ಹಾಕಿಸ್ಕೋ."

ಬಾಯಿಗೆ ಅಭ್ಯಾಸ ದೊಡ್ಡದು. "ಆಗಲಿ," ಎಂದಳು.

ಮರುದಿನ ಬೆಳಿಗ್ಗೆ ಅವಳು ಅತ್ತಿಗೆಯ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ಮನಸ್ಸಿನಲ್ಲಿ ಗಡ್ಡನ ಮೇಲೆ ಸಿಟ್ಟು. ಕಾಲರು ಮುಗಿಸುವ ಹೊತ್ತಿಗೆ ಸಿಟ್ಟು ತನ್ನ ಮೇಲೆಯೇ ತಿರುಗಿತು. ಆ ಸಾಲನ್ನು ಅವಳು ಎಷ್ಟು ಸಲ ಓದಿದ್ದಳೋ! ಬೇರೆಯವರ ಬರಹದಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದಳು. ತನ್ನದರಲ್ಲಿ ಯಾಕೆ ಕಾಣಲಿಲ್ಲ? ಮೇಲಿನವರೆಲ್ಲ ಕೊನೆಯ ಸಲ ಎದ್ದು ಮಲಗಿದ ಮೇಲೆ ಕೆಳಗಿನವಳು ಶುರು ಮಾಡಲಿ. ಇಸ್ತ್ರಿಪೆಟ್ಟಿಗೆ ಹಿಡಿದ ಕೈ ನಿಂತಿತು. ಆ ಸಾಲು ತಪ್ಪೆಂದು ಕಾಣದಿದ್ದುದಕ್ಕೆ ಕಾರಣ, ಅದು ಅವಳ ಮನೆಯ ಪದ್ಧತಿಯಾಗಿತ್ತು. ಹುಟ್ಟಿದಾಗಿನಿಂದ ಅವಳು ಮಾಡುತ್ತ ಬಂದದ್ದೇ ಅದು. ಬಡ್ತಿಯಾಗಲಿ, ಪಾಳಿ ಮುಗಿಯಲಿ, ನೋವು ಕಡಿಮೆಯಾಗಲಿ. ಯಾವುದು ಕೊನೆಯದು ಎಂದು ಯಾರಿಗೆ ಗೊತ್ತು? ಅವಳಿಗೆ ನಾಚಿಕೆಯಾಯಿತು, ಆಮೇಲೆ ಜೋರು ನಗು ಬಂತು. ಯೂನಿಫಾರ್ಮಿನ ತೋಳು ಸುಟ್ಟ ವಾಸನೆ ಬಂದಾಗಲೇ ಎಚ್ಚರ.

ದಾರಿ ಇತ್ತು. ಕಾಯಬಾರದು. ಮೇಲಿನವು ಮಲಗಿವೆ ಎಂದು ನಂಬಿ ಈಗಲೇ ಶುರು ಮಾಡಬೇಕು. ನಂಬಿಕೆ ಸುಳ್ಳಾಗಿ ಮೇಲಿನದು ಎದ್ದರೆ, ಏಳಲಿ. ಹಾಳಾದದ್ದನ್ನು ಬಿಟ್ಟು, ಇನ್ನೂ ಯಾರೂ ಮುಟ್ಟದ ಹೊಸ ಸಂಖ್ಯೆಯೊಂದನ್ನು ಹಿಡಿದು ಮತ್ತೆ ಮೊದಲಿನಿಂದ. ಇದು ಈ ವಿದ್ಯೆಯ ಹಳೆಯ ಉಪಾಯವೇ. ತನ್ನ ಕಟ್ಟಡಕ್ಕೆ ಅದು ಹೊಂದುತ್ತದೆಯೇ ಎಂದು ನೋಡಬೇಕಿತ್ತು, ಅಷ್ಟೇ.

ತಿಂಡಿಯ ಹೊತ್ತಿಗೆ ಅವಳು ಸುಟ್ಟ ತೋಳಿನ ಯೂನಿಫಾರ್ಮನ್ನು ಮೇಜಿನ ಮೇಲಿಟ್ಟು ಹೇಳಿದಳು. "ಬುಧವಾರ ನಾನು ಆಸ್ಪತ್ರೆಗೆ ಬರಲ್ಲ. ಪರೀಕ್ಷೆ ಇದೆ. ಸಂಜೆ ಬರ್ತೀನಿ."

ಅಣ್ಣನ ಕೈ ಬಾಯಿಯ ಹತ್ತಿರ ನಿಂತಿತು. "ನಿನ್ನೆ ಆಗಲಿ ಅಂದೆ?"

"ನಿನ್ನೆ ಅಂದೆ. ಇವತ್ತು ಆಗದು ಅಂತಿದೀನಿ."

"ಓದು ಎಲ್ಲಿ ಓಡಿಹೋಗುತ್ತೆ?"

"ಓದು ಓಡಿಹೋಗಲ್ಲ. ನಾನು ಮುದುಕಿ ಆಗ್ತೀನಿ."

"ಅಮ್ಮನಿಗಿಂತ ನಿನಗೆ ಪರೀಕ್ಷೆ ಹೆಚ್ಚಾಯ್ತಾ?"

ಏಟು ಬಿದ್ದದ್ದು ನಿಜ. ಮೊಂಡಿಯ ಕಣ್ಣು ತುಂಬಿತು. ಆದರೆ ದನಿ ನಡುಗಲಿಲ್ಲ. "ಅಮ್ಮನಿಗಿಂತ ಅಲ್ಲ. ನಿನ್ನ ಇನ್ಸ್‌ಪೆಕ್ಷನ್‌ಗಿಂತ ಹೆಚ್ಚು."

ಅತ್ತಿಗೆ ಸುಟ್ಟ ತೋಳನ್ನು ತಿರುಗಿಸಿ ನೋಡುತ್ತಿದ್ದವಳು ಗಂಡನ ಮುಖವನ್ನೂ ಹಾಗೆಯೇ ನೋಡಿದಳು. ಹೊಲಿಗೆ ಯಂತ್ರದ ಹಿಂದಿನಿಂದ ಅಮ್ಮ ಬಾಯಿಯಲ್ಲಿದ್ದ ಗುಂಡುಸೂಜಿ ತೆಗೆದಳು. "ಅವಳು ಬಂದು ಕೂತ್ರೆ ನನ್ನ ಮೊಣಕಾಲಿಗೇನು ಲಾಭ? ಕುಯ್ಯೋದು ಡಾಕ್ಟ್ರು. ಹೊರಗೆ ಬೆಂಚು ಕಾಯೋಕೆ ನೀನೇ ಸಾಕು, ರಜಾ ಹಾಕು." ಮತ್ತೆ ಸೂಜಿ ಬಾಯಿಗೆ ಹೋಯಿತು. ಅಣ್ಣ ಸೆಟೆದುಕೊಂಡು ಎದ್ದುಹೋದ, ಬುಧವಾರದವರೆಗೆ ತಂಗಿಯೊಡನೆ ಮಾತು ಬಿಟ್ಟ. ಮಾತು ಬಿಟ್ಟದ್ದರಿಂದ ಅವಳಿಗೆ ಕೆಲಸಕ್ಕೆ ಒಳ್ಳೆಯ ಹೊತ್ತು ಸಿಕ್ಕಿತು.

ಬುಧವಾರ ನಾಲ್ವರು ಪರೀಕ್ಷಕರು ಅಜ್ಜಿಯ ಕೋಣೆಯಲ್ಲೇ ಕೂತರು. ಮುಖ್ಯಸ್ಥರು ನಡುವೆ. ಮೊಂಡಿ ಫೋನನ್ನು ಮೇಜಿನ ಮೇಲಿಟ್ಟಳು. "ನಮ್ಮಮ್ಮ ಆಪರೇಷನ್ ಥಿಯೇಟರಲ್ಲಿದ್ದಾರೆ. ಫೋನ್ ಬಂದ್ರೆ ತಗೋತೀನಿ," ಎಂದಳು. ಅನುಮತಿ ಕೇಳಿದ ಹಾಗಿರಲಿಲ್ಲ, ತಿಳಿಸಿದ ಹಾಗಿತ್ತು.

ಅರ್ಧ ಹಲಗೆ ತುಂಬಿತ್ತು, ತಲೆಯೊಳಗೆ ಎಳೆ ಬಿಗಿಯಾಗಿತ್ತು, ಆಗ ಫೋನು ಗುರ್ರೆಂದಿತು. ಅಣ್ಣ. ಮೊಂಡಿ ಎತ್ತಿಕೊಂಡಳು. ಆಪರೇಷನ್ ಮುಗಿದಿತ್ತು, ಈಗ ನೋವಿನ ಮಾತ್ರೆ ಕೊಡಬೇಕು, ಅಮ್ಮನಿಗೆ ಒಗ್ಗದ ಮಾತ್ರೆ ಯಾವುದೆಂದು ನರ್ಸು ಕೇಳುತ್ತಿದ್ದಾರೆ, ಅವನಿಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಗೊತ್ತುಮಾಡಿಕೊಳ್ಳಬೇಕಾಗಿ ಬಂದಿರಲಿಲ್ಲ. ಮಾತ್ರೆಯ ಹೆಸರನ್ನು ಅವಳು ನಿಧಾನವಾಗಿ ಎರಡು ಸಲ ಹೇಳಿದಳು. ಫೋನಿಟ್ಟು ತಿರುಗಿದರೆ, ಹಲಗೆಯ ಮೇಲಿನದು ಬೇರೆ ಯಾರೋ ಬರೆದಂತೆ ಕಂಡಿತು. ಎಳೆ ಕಡಿದಿತ್ತು.

"ಬೇಕಾದ್ರೆ ಇನ್ನೊಂದು ದಿನ..." ಎಂದರು ಮುಖ್ಯಸ್ಥರು, ಸಹಾನುಭೂತಿಯಿಂದಲೇ.

"ಬೇಡ ಸಾರ್. ಮೊದಲಿಂದ." ಅವಳು ಅಂಗೈಯಿಂದ ಹಲಗೆ ಒರೆಸಿ ಮೊದಲ ಸಾಲಿನಿಂದ ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಗುರ್ರೆಂದಿತು. ಅಮ್ಮನಿಗೆ ಎಚ್ಚರವಾಗಿದೆ, ಕನ್ನಡಕ ಕೇಳುತ್ತಿದ್ದಾಳೆ. "ನಿನ್ನ ಶರ್ಟಿನ ಜೇಬಲ್ಲಿದೆ ಅಣ್ಣ. ಬೆಳಿಗ್ಗೆ ನಾನೇ ಇಟ್ಟೆ." ಮತ್ತೆ ಅಂಗೈ, ಮತ್ತೆ ಮೊದಲ ಸಾಲು. ಈ ಸಲ ಕೊನೆಯವರೆಗೆ ಬಂದಳು.

ಮುಖ್ಯಸ್ಥರು ಕನ್ನಡಕ ಒರೆಸಿಕೊಂಡರು. "ನನಗೆ ಸಮಾಧಾನ ಇಲ್ಲ."

ಅಜ್ಜಿ ಮೇಜಿನ ಡ್ರಾಯರಿನಿಂದ ಕೆಂಪು ಸೀಮೆಸುಣ್ಣ ತೆಗೆದು ಅವರ ಕೈಗಿಟ್ಟರು. "ನಮ್ಮ ಕೋಣೆಯ ರೂಢಿ ಇದು. ಒಡೀರಿ."

ಅವರಿಗೆ ಒಂದು ಕ್ಷಣ ಮುಜುಗರವಾಯಿತು, ಆದರೆ ಬುದ್ಧಿವಂತರು, ಎದ್ದರು. ಗಡ್ಡನ ಯಂತ್ರಕ್ಕಿಂತ ಜಾಣ ಯಂತ್ರವೊಂದನ್ನು ಬರೆದರು. ಮಲಗಿದಂತೆ ನಟಿಸುತ್ತದೆ, ಕೆಳಗಿನದು ಕಟ್ಟಿದ ಮೇಲೆ ಎದ್ದು ಒದೆಯುತ್ತದೆ. "ಎದ್ದಿತು," ಎಂದರು.

"ಏಳಲಿ. ಹೊಸ ಸಂಖ್ಯೆ ತಗೋತೀನಿ, ಮತ್ತೆ ಶುರು."

"ಮತ್ತೆ ಎದ್ದಿತು."

"ಮತ್ತೆ ಶುರು."

"ಎಷ್ಟು ಸಲ ಹೀಗೆ? ಮೊದಲೇ ಹೇಳಬಲ್ಲಿರಾ?"

"ಇಲ್ಲ ಸಾರ್. ಮೊದಲೇ ಹೇಳೋಕಾಗಲ್ಲ, ಹೇಳಬೇಕಾಗಿಯೂ ಇಲ್ಲ," ಎಂದಳು ಮೊಂಡಿ. ದನಿ ಏರಿತ್ತು, ಇಳಿಸಲಿಲ್ಲ. "ಸಾಲು ಎಷ್ಟೇ ಉದ್ದ ಇರಲಿ, ಒಂದೊಂದರ ಮೇಲೂ ಇರೋದು ಇಂತಿಷ್ಟೇ. ಎಲ್ಲಕ್ಕಿಂತ ಮೇಲಿನದನ್ನ ಒದೆಯೋರು ಯಾರೂ ಇಲ್ಲ, ಅದು ತನ್ನ ಕೆಲಸ ಮುಗಿಸಿ ಮಲಗುತ್ತೆ. ಅದು ಮಲಗಿದ್ಮೇಲೆ ಅದರ ಕೆಳಗಿನದೂ ಮುಗಿಸಿ ಮಲಗುತ್ತೆ. ಹೀಗೇ ಇಳೀತಾ ಬರುತ್ತೆ. ಕೊನೇ ಗಾಯ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ, ಆದ್ರೆ ಕೊನೇದು ಅಂತ ಒಂದು ಇದೆ. ಪ್ರತಿ ಸಲ ಮತ್ತೆ ಶುರು ಮಾಡಿದ್ರೆ ಸಾಕು, ಕೊನೇ ಸಲ ಶುರು ಮಾಡಿದ್ದು ಉಳಿಯುತ್ತೆ. ಕಾಯ್ತಾ ಕೂತದ್ದು ಮಾತ್ರ ಉಳಿಯಲ್ಲ."

ಹೇಳಿದ್ದನ್ನೆಲ್ಲ ಸಾಲು ಸಾಲಾಗಿ ಬರೆದೂ ತೋರಿಸಿದಳು. ಮುಖ್ಯಸ್ಥರು ಕೆಂಪು ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸುತ್ತ ಬಹಳ ಹೊತ್ತು ನೋಡಿದರು. ಹಲಗೆಯ ಎಡಗಡೆಗೆ ಹೋದರು, ಬಲಗಡೆಗೆ ಬಂದರು. ಎಲ್ಲಿಯೂ ಗೆರೆ ಎಳೆಯಲಿಲ್ಲ. ಕೊನೆಗೆ ಡಸ್ಟರಿಗಾಗಿ ಸುತ್ತ ನೋಡಿದರು.

"ಇಲ್ಲ," ಎಂದರು ಅಜ್ಜಿ. "ಕೈಯಲ್ಲೇ."

ಇಸ್ತ್ರಿ ಮಾಡಿದ ತೋಳು ಮಡಿಸಿ ಅವರು ಹಲಗೆ ಒರೆಸಿದರು. ಎಲ್ಲರಿಗಿಂತ ಕೊನೆಯಲ್ಲಿ ಸಹಿ ಹಾಕಿದರು, ಆದರೆ ಹಾಕಿದರು. "ಇದರಿಂದ ಉಪಯೋಗ ಏನು ಅಂತ ಮಾತ್ರ ನನಗಿನ್ನೂ ಅರ್ಥ ಆಗಿಲ್ಲ," ಎಂದರು.

"ಅದನ್ನ ಮೊದಲೇ ತಿಳಿಯೋ ವಿಧಾನ ಇಲ್ಲ ಸಾರ್," ಎಂದಳು ಮೊಂಡಿ.

ಸಂಜೆ ಆಸ್ಪತ್ರೆಯ ವಾರ್ಡಿನಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು, ಕಿಟಕಿಯ ಪರದೆಯ ಹೊಲಿಗೆ ಸರಿಯಿಲ್ಲವೆಂದು ಬೈಯುತ್ತಿದ್ದಳು. ಮಗಳನ್ನು ನೋಡಿದ್ದೇ ತಡ, "ಒಡೆದ್ರಾ?" ಎಂದಳು.

"ಇಲ್ಲಮ್ಮ. ಆಗಲಿಲ್ಲ ಅವರಿಗೆ."

ಅಮ್ಮ ಅವಳ ಅಂಗೈ ಹಿಡಿದು, ಗೆರೆಗಳಲ್ಲಿ ಕೂತ ಸುಣ್ಣದ ಪುಡಿಯನ್ನು ಸೆರಗಿನಿಂದ ಒರೆಸಿದಳು. ಮೊಂಡಿಗೆ ಅಳು ಬಂತು, ಅತ್ತಳು. ಬೆಂಚಿನ ಮೇಲೆ ಇಡೀ ದಿನ ಕಾದು ಸೊಂಟ ಹಿಡಿದಿದ್ದ ಅಣ್ಣ ಎದ್ದು ಮೈಮುರಿದ. ಮಾತು ಬಿಟ್ಟದ್ದು ಅವನಿಗೆ ಮರೆತೇ ಹೋಗಿತ್ತು.

"ಅಂತೂ ಮುಗೀತಲ್ಲ ನಿನ್ನದು. ಇನ್ನೇನು, ನಾಳೆಯಿಂದ ನೀನೇ ಇಲ್ಲಿರ್ತೀಯಲ್ಲ?"

ಮೊಂಡಿ ಮೂಗು ಒರೆಸಿಕೊಂಡಳು. "ಶುಕ್ರವಾರ ಇಡೀ ದಿನ ಇರ್ತೀನಿ," ಎಂದಳು. "ನಾಳೆ ಆಗದು. ನಾಳೆ ಗುರುವಾರ. ಗಡ್ಡ ತನ್ನದೊಂದು ಸಾಧನೆ ಕಟ್ಟಿಕೊಂಡು ಬರ್ತಾನೆ, ಕೆಂಪು ಸೀಮೆಸುಣ್ಣ ನನ್ನದು."